ಅದೇ ತಿರುವು, ನಲವತ್ತನೇ ಸಲ

ಭಾನುವಾರ ಬೆಳಗಿನ ಜಾವ ಐದೂವರೆಗೆ ಬೆಂಗಳೂರಿನ ಹೆಬ್ಬಾಳದ ಹತ್ತಿರ ನಿಂತರೆ, ವಾರವಿಡೀ ಸಿಗ್ನಲ್‌ನಿಂದ ಸಿಗ್ನಲ್‌ಗೆ ಕ್ಲಚ್ ಹಿಡಿದೇ ಸವೆದ ಬೈಕುಗಳು ಒಂದೊಂದಾಗಿ ಉತ್ತರಕ್ಕೆ ಹೊರಡುವುದು ಕಾಣುತ್ತದೆ. ಕೆಲವು ದೇವನಹಳ್ಳಿ ದಾಟಿ ನಂದಿ ಬೆಟ್ಟಕ್ಕೆ, ಕೆಲವು ಘಾಟಿ ಸುಬ್ರಹ್ಮಣ್ಯದ ಕಡೆಗೆ. ಅದೇ ಹೊತ್ತಿಗೆ ಕನಕಪುರ ರಸ್ತೆಯಲ್ಲಿ, ಕೋಲಾರದ ಹೈವೇಯಲ್ಲಿ ಇನ್ನಷ್ಟು ಗುಂಪುಗಳು. ಹೊರಗಿನವರು ಇವರನ್ನೆಲ್ಲ ಒಟ್ಟಿಗೆ ಪುಂಡರು ಅಂದುಬಿಡುತ್ತಾರೆ. ಹತ್ತಿರದಿಂದ ನೋಡಿದರೆ ಹೆಚ್ಚಿನವರು ಹಾಗಿಲ್ಲ. ಒಳ್ಳೆಯ ಹೆಲ್ಮೆಟ್ ಹಾಕಿರುತ್ತಾರೆ, ಮೊಣಕೈ ಮೊಣಕಾಲಿಗೆ ಗಾರ್ಡ್ ಇರುತ್ತದೆ, ಚೈನಿಗೆ ಎಣ್ಣೆ ಬಿಟ್ಟಿರುತ್ತಾರೆ. ಗಾಡಿ ಎಂದರೆ ಪ್ರಾಣ. ಆ ಪ್ರೀತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು, ಅವರು ಕಲಿಯುತ್ತಿದ್ದೇವೆ ಅಂದುಕೊಂಡಿರುವ ಜಾಗದ ಬಗ್ಗೆ.

ಪ್ರತಿ ಅಪಘಾತದ ಸುದ್ದಿ ಬಂದಾಗಲೂ ಯಾರಾದರೊಬ್ಬರು ಹೇಳುತ್ತಾರೆ: ಸ್ಪೀಡ್ ಬೇಕಿದ್ದರೆ ರೇಸ್ ಟ್ರ್ಯಾಕಿಗೆ ಹೋಗಲಿ. ಮಾತು ಸರಿ. ಆದರೆ ಅದಕ್ಕೆ ಕೊಡುವ ಕಾರಣ ಅರ್ಧ ಮಾತ್ರ ನಿಜ. ಅಲ್ಲಿ ಆಸೆ ತೀರಿಸಿಕೊಂಡು ಬಂದರೆ ಇಲ್ಲಿ ಸುಮ್ಮನಿರುತ್ತಾರೆ ಅನ್ನುವುದು ಆ ಕಾರಣ. ವೇಗದ ಆಸೆ ಒಂದು ದಿನಕ್ಕೆ ತೀರುವಂಥದ್ದಲ್ಲ. ಟ್ರ್ಯಾಕಿನಿಂದ ಬಂದ ಮೇಲೆ ಅದು ಹೆಚ್ಚಾಗುವುದೂ ಉಂಟು. ನನ್ನ ಲೆಕ್ಕದಲ್ಲಿ ಟ್ರ್ಯಾಕಿನ ದೊಡ್ಡ ಗುಣ ಬೇರೆಯೇ ಇದೆ. ಅಲ್ಲಿ ಅದೇ ತಿರುವು ಮತ್ತೆ ಮತ್ತೆ ಸಿಗುತ್ತದೆ.

ರಸ್ತೆ ಏನು ಕಲಿಸುತ್ತದೆ

ಒಂದು ಜನವರಿ ಬೆಳಿಗ್ಗೆ, ನಂದಿಯ ಕಡೆ ಹೋಗುವ ಒಂದು ಹಳ್ಳಿ ರಸ್ತೆಯಲ್ಲಿ ಕಂಡದ್ದು. ರಾಗಿ ಒಕ್ಕಣೆಯ ಕಾಲ. ಎಡಕ್ಕೆ ಹೊರಳುವ ತಿರುವಿನ ಆಚೆ, ಅರ್ಧ ರಸ್ತೆಗೆ ರಾಗಿ ತೆನೆ ಹುಲ್ಲಿನ ಸಮೇತ ಹರಡಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ಕೋಲು ಹಿಡಿದು ಅದನ್ನು ತಿರುವಿ ಹಾಕುತ್ತಿದ್ದರು. ಈ ಕಡೆಯಿಂದ ನೋಡಿದರೆ ಎರಡೂ ಕಾಣುವುದಿಲ್ಲ, ಹುಣಸೆ ಮರ ಅಡ್ಡ. ಕೆಂಪು ಸ್ಪೋರ್ಟ್ಸ್ ಬೈಕಿನಲ್ಲಿ ಒಬ್ಬ ಹುಡುಗ ಎಂಬತ್ತೋ ತೊಂಬತ್ತೋ ವೇಗದಲ್ಲಿ ಬಂದ. ವಾಲಿಸಿದ್ದ ಗಾಡಿ, ಹುಲ್ಲು ಕಂಡ ಕ್ಷಣ ಥ್ರಾಟಲ್ (ಎಕ್ಸಲರೇಟರ್) ಬಿಟ್ಟ, ಗಾಡಿ ನೆಟ್ಟಗಾಯಿತು. ನೆಟ್ಟಗಾದ ಗಾಡಿ ತಿರುಗುವುದಿಲ್ಲ. ನೇರ ಬಲಗಡೆಗೆ, ಎದುರು ಬರುವವರ ದಾರಿಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಎಡಕ್ಕೆ ಎಳೆದುಕೊಂಡು ಹೋದ. ಅಜ್ಜಿ ಕೋಲು ಕೂಡ ನಿಲ್ಲಿಸಲಿಲ್ಲ. ಹಾಲಿನ ವ್ಯಾನ್ ಅದೇ ತಿರುವಿಗೆ ಬಂದದ್ದು ಸ್ವಲ್ಪ ಹೊತ್ತಿನ ಮೇಲೆ, ಹತ್ತು ಹನ್ನೆರಡು ಎಣಿಸುವಷ್ಟರಲ್ಲಿ.

ಮುಂದಿನ ಟೀ ಅಂಗಡಿಯ ಹತ್ತಿರ ಆ ಹುಡುಗ ಗೆಳೆಯರಿಗೆ ಹೇಳುತ್ತಿದ್ದ: "ಏನ್ ಕಂಟ್ರೋಲ್ ಮಾಡ್ದೆ ಗೊತ್ತಾ ಮಗಾ!" ಗೆಳೆಯರು ಬೆನ್ನು ತಟ್ಟಿದರು. ನನ್ನನ್ನು ಬಹಳ ದಿನ ಕಾಡಿದ್ದು ಆ ಮಾತು. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದ. ತಿರುವಿನ ಮಧ್ಯೆ ಥ್ರಾಟಲ್ ಬಿಟ್ಟಿದ್ದು ತಪ್ಪು, ಕಾಣದ ತಿರುವಿಗೆ ಅಷ್ಟು ವೇಗದಲ್ಲಿ ಹೊಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ರಸ್ತೆ ಅವನಿಗೆ ಆ ಎರಡನ್ನೂ ಹೇಳಲಿಲ್ಲ. ರಸ್ತೆ ಹೇಳಿದ್ದು 'ಪಾಸ್' ಅಂತ. ಮುಂದಿನ ಭಾನುವಾರ ಅದೇ ತಿರುವಿನಲ್ಲಿ ಹುಲ್ಲು ಇರುವುದಿಲ್ಲ, ಮರಳು ಇರುತ್ತದೆ, ಇಲ್ಲವೇ ಬಣ್ಣ ಬಳಿಯದ ಹೊಸ ಹಂಪ್ ಇರುತ್ತದೆ. ಹೀಗೆ ಐದು ವರ್ಷ ಓಡಿಸಿದವರಿಗೆ ಐದು ವರ್ಷದ ಅನುಭವ ಇರುತ್ತದೆ. ಅದರಲ್ಲಿ ಎಷ್ಟು ಕೈಚಳಕ, ಎಷ್ಟು ಅದೃಷ್ಟ ಎಂದು ಬೇರೆ ಮಾಡಿ ತೋರಿಸುವವರು ಯಾರೂ ಇರುವುದಿಲ್ಲ.

ನೇರ ರಸ್ತೆಯಲ್ಲಾದರೂ ಲೆಕ್ಕ ನೋಡಿ. ಒಣ ಡಾಂಬರು, ಒಳ್ಳೆಯ ಟೈರು, ಪಳಗಿದ ಕೈ ಎಂದೇ ಇಟ್ಟುಕೊಳ್ಳೋಣ. ಕಣ್ಣಿಗೆ ಬಿದ್ದದ್ದು ಕೈಗೆ ಇಳಿಯಲು ಒಂದು ಸೆಕೆಂಡ್ ಹಿಡಿಯುತ್ತದೆ. 60ರಲ್ಲಿ ಆ ಸೆಕೆಂಡಿನಲ್ಲೇ 17 ಮೀಟರ್ ಹೋಗುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೊಂದು 18. ಒಟ್ಟು 35. 100ರಲ್ಲಿ 28 ಮತ್ತು 49, ಒಟ್ಟು 77 ಮೀಟರ್. 140ರಲ್ಲಿ 135 ಮೀಟರ್ ದಾಟುತ್ತದೆ. ಏರ್‌ಪೋರ್ಟ್ ರಸ್ತೆಯಲ್ಲಿ ಬೆಳಗಿನ ಮಂಜಿನಲ್ಲಿ 135 ಮೀಟರ್ ದೂರದ ನಾಯಿ ನಾಯಿಯಾಗಿ ಕಾಣುವುದೇ ಇಲ್ಲ. ವೇಗ ಇಮ್ಮಡಿಯಾದರೆ ಬ್ರೇಕಿಂಗ್ ದೂರ ನಾಲ್ಕು ಪಟ್ಟು ಆಗುತ್ತದೆ; ದುಬಾರಿ ಬ್ರೇಕ್ ಹಾಕಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಕೇಂದ್ರ ಸರ್ಕಾರದ ಅಂಕಿಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಆಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಸ್ತೆಗಳೂ ಒಂದೊಂದಾಗಿ ನಮಗೆ ಮುಚ್ಚುತ್ತಿವೆ. 2022ರಿಂದ ನೈಸ್ ರಸ್ತೆಗೆ ರಾತ್ರಿ ಹೊತ್ತು ಬೈಕ್ ಬಿಡುವುದಿಲ್ಲ, 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕೇ ಹತ್ತುವಂತಿಲ್ಲ. ನಿಧಾನವಾಗಿ, ನಿಯಮದಂತೆ ಓಡಿಸುವವರೂ ಇದರ ಬೆಲೆ ತೆರುತ್ತಿದ್ದಾರೆ ಅನ್ನುವುದು ನನಗೆ ನಿಜವಾಗಿ ನೋವಿನ ವಿಷಯ.

ಮುನ್ನೂರು ಕಿಲೋಮೀಟರ್ ಆಚೆ

ಇಷ್ಟು ಗಾಡಿ ಹುಚ್ಚಿರುವ ಬೆಂಗಳೂರಿಗೆ ತನ್ನದೇ ಆದ ದೊಡ್ಡ ಸರ್ಕ್ಯೂಟ್ ಇಲ್ಲ. ಹತ್ತಿರದ್ದು ಎಂದರೆ ಚೆನ್ನೈ ಹೈವೇಯಲ್ಲೇ ಸಿಗುವ, ಶ್ರೀಪೆರಂಬದೂರು ದಾಟಿದ ಮೇಲಿನ ಇರುಂಗಾಟ್ಟುಕೋಟ್ಟೈ. ಇಲ್ಲಿಂದ ಸುಮಾರು 300 ಕಿ.ಮೀ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕಿನ ಪೂರ್ತಿ ಉದ್ದ 3.717 ಕಿ.ಮೀ., 12 ತಿರುವು. ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಎರಡು ಕಿಲೋಮೀಟರಿಗಿಂತ ಸ್ವಲ್ಪ ಉದ್ದದ್ದು, ಸಣ್ಣ ಗಾಡಿಗೆ ಹೇಳಿ ಮಾಡಿಸಿದಂಥದ್ದು. ಬೆಂಗಳೂರಿನ ತಂಡಗಳು ಹೆಚ್ಚಾಗಿ ಟ್ರ್ಯಾಕ್ ಡೇ ಇಟ್ಟುಕೊಳ್ಳುವುದು ಈ ಎರಡು ಕಡೆಗಳಲ್ಲೇ.

ಟ್ರ್ಯಾಕ್ ಡೇ ಎಂದರೆ ಸ್ವಂತ ಗಾಡಿಯನ್ನು ಟ್ರ್ಯಾಕಿನಲ್ಲಿ ಓಡಿಸಿ ಕಲಿಯುವ ದಿನ, ರೇಸ್ ಅಲ್ಲ. ಸ್ಥಾನ ಇಲ್ಲ, ಬಹುಮಾನ ಇಲ್ಲ. ಸವಾರರನ್ನು ಅನುಭವಕ್ಕೆ ತಕ್ಕಂತೆ ಸಾಮಾನ್ಯವಾಗಿ ಮೂರು ಗುಂಪು ಮಾಡುತ್ತಾರೆ. ಒಂದೊಂದು ಗುಂಪಿಗೆ 15ರಿಂದ 20 ನಿಮಿಷ. ಒಂದು ಗುಂಪು ಓಡುವಾಗ ಉಳಿದೆರಡು ಪಿಟ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಗಾಡಿ ನಿಲ್ಲಿಸಿ ನೋಡಿಕೊಳ್ಳುವ ಜಾಗದಲ್ಲಿ. ಹೊಸಬರು ಒಂದು ಸುತ್ತಿಗೆ ಎರಡೂವರೆ ನಿಮಿಷ ತೆಗೆದುಕೊಂಡರೂ ಒಂದು ಸರದಿಗೆ ಆರು ಸುತ್ತು, ದಿನಕ್ಕೆ ಆರೇಳು ಸರದಿ. ಸಂಜೆಯೊಳಗೆ ಅದೇ ತಿರುವು ಮೂವತ್ತೈದು ನಲವತ್ತು ಸಲ ಸಿಕ್ಕಿರುತ್ತದೆ.

ಇದರ ಬೆಲೆ ಅರ್ಥವಾಗಬೇಕಾದರೆ ಒಂದೇ ತಿರುವನ್ನು ಹಿಡಿದು ನೋಡಬೇಕು. ಚೆನ್ನೈ ಟ್ರ್ಯಾಕಿನ ಸ್ಟಾರ್ಟ್-ಫಿನಿಶ್ ನೇರದ ಕೊನೆಗೆ ಸಿಗುವ ಮೊದಲ ತಿರುವು, ಸಿ-1 ಇದೆಯಲ್ಲ, ಅದನ್ನೇ ತೆಗೆದುಕೊಳ್ಳಿ. ಬ್ರೇಕ್ ಹಿಡಿಯಲು ಒಂದು ಗುರುತು ಇಟ್ಟುಕೊಳ್ಳುತ್ತೀರಿ, ಬದಿಯ ಬೋರ್ಡೋ ಡಾಂಬರಿನ ಮೇಲಿನ ಒಂದು ತೇಪೆಯೋ. ಮೊದಲ ಸರದಿಯಲ್ಲಿ ಬಹಳ ಮುಂಚೆ ಹಿಡಿಯುತ್ತೀರಿ, ಆಮೇಲೆ ಗಾಬರಿಗೆ ಬಿಟ್ಟು ಮತ್ತೆ ಹಿಡಿಯುತ್ತೀರಿ. ಗಾಡಿ ತೂಗಾಡುತ್ತದೆ, ತಿರುವಿನ ಒಳ ಅಂಚಿಗೆ ಒಂದೂವರೆ ಮೀಟರ್ ದೂರದಲ್ಲಿ ಹೋಗುತ್ತೀರಿ. ಮುಂದಿನ ಸುತ್ತಿನಲ್ಲಿ ಅದೇ ಗುರುತು, ಅದೇ ಡಾಂಬರು, ಎದುರು ಯಾರೂ ಇಲ್ಲ. ಬದಲಾಗಿದ್ದು ನೀವು ಮಾತ್ರ. ಹಾಗಾಗಿ ತಪ್ಪಾದರೆ ತಪ್ಪು ಯಾರದ್ದೆಂದು ಅನುಮಾನವೇ ಇಲ್ಲ. ನಲವತ್ತನೇ ಸಲಕ್ಕೆ ಕಣ್ಣು ಬ್ರೇಕ್ ಗುರುತಿನಿಂದ ಬಿಡಿಸಿಕೊಂಡು ಒಳ ಅಂಚಿಗೆ, ಅಲ್ಲಿಂದ ಹೊರದಾರಿಗೆ ತಾನಾಗಿ ಹೋಗುತ್ತಿರುತ್ತದೆ. ಸ್ಪೀಡೋಮೀಟರಿಗೆ ಟೇಪ್ ಅಂಟಿಸಿರುವುದರಿಂದ ಎಷ್ಟರಲ್ಲಿ ಹೋದೆ ಎಂಬ ಯೋಚನೆಯೂ ಇರುವುದಿಲ್ಲ.

ಕಲಿಸುವವರಿದ್ದರೆ ಇನ್ನೂ ಒಳ್ಳೆಯದು. ಕೀತ್ ಕೋಡ್ 1980ರಲ್ಲಿ ಶುರುಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈನ ಈ ಟ್ರ್ಯಾಕಿಗೂ ಬಂದು ಪಾಠ ಮಾಡಿದೆ. ಅವರು ಮೊದಲು ಹೇಳಿಕೊಡುವುದು ಥ್ರಾಟಲ್: ತಿರುವಿಗೆ ಗಾಡಿ ವಾಲಿದ ಮೇಲೆ ನಿಧಾನವಾಗಿ, ಒಂದೇ ಸಮನೆ ತೆರೆಯುತ್ತಾ ಹೋಗಬೇಕು. ಮಧ್ಯದಲ್ಲಿ ಬಿಟ್ಟರೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಆ ಚಕ್ರ ಹಿಡಿದಿರುವ ಫೋರ್ಕ್ ಕುಸಿಯುತ್ತದೆ, ಫುಟ್‌ಪೆಗ್ ನೆಲಕ್ಕೆ ಹತ್ತಿರವಾಗುತ್ತದೆ, ಗಾಡಿ ಹೊರಕ್ಕೆ ಹರಿಯುತ್ತದೆ. ಹೆದರಿದಾಗ ಕೈ ತಾನಾಗಿ ಮಾಡುವುದು ಅದನ್ನೇ. ಆ ರಾಗಿ ಹುಲ್ಲಿನ ಮುಂದೆ ಹುಡುಗನ ಕೈ ಮಾಡಿದ್ದೂ ಅದೇ.

ಗಾಡಿ ತಯಾರಿ

ಇದಕ್ಕೆ ಲೀಟರ್ ಬೈಕ್ (1000 ಸಿಸಿ ಗಾಡಿ) ಬೇಕಿಲ್ಲ. ಯಮಹಾ ಆರ್15, ಕೆಟಿಎಂ ಆರ್‌ಸಿ 390, ಟಿವಿಎಸ್ ಅಪಾಚೆ ಆರ್‌ಆರ್ 310 ಯಾವುದಾದರೂ ಸಾಕು. ಕಲಿಯುವವರಿಗೆ ಸಣ್ಣದೇ ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಗಾಡಿ ತಿರುವಿನಲ್ಲಿ ಮಾಡಿದ ತಪ್ಪನ್ನು ನೇರದಲ್ಲಿ ಮುಚ್ಚಿಹಾಕುತ್ತದೆ.

ಹೊರಡುವ ಹದಿನೈದು ದಿನ ಮೊದಲೇ ಗಾಡಿ ನೋಡಿಸಿ. ಬ್ರೇಕ್ ಪ್ಯಾಡ್ ಕನಿಷ್ಠ 3 ಮಿ.ಮೀ. ಇರಬೇಕು. ಚೈನ್ ಸಡಿಲ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ, ಹೆಚ್ಚಿನ ಗಾಡಿಗಳಲ್ಲಿ 25–35 ಮಿ.ಮೀ. ಮುಂದಿನ ಚಕ್ರ ಎತ್ತಿ ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದಾಗ 'ಟಕ್' ಅಂದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಸಡಿಲವಾಗಿದೆ ಎಂದು. ಥ್ರಾಟಲ್ ಪೂರ್ತಿ ತಿರುಗಿಸಿ ಬಿಟ್ಟರೆ ತಾನಾಗಿ ಪಟ್ಟನೆ ಮುಚ್ಚಿಕೊಳ್ಳಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರಿನ ಮೇಲ್ಮೈಯ ಕಚ್ಚು ಎಷ್ಟೇ ಆಳ ಇರಲಿ, ರಬ್ಬರ್ ಗಟ್ಟಿಯಾಗಿರುತ್ತದೆ, ಬೇಡ. ಪಂಕ್ಚರ್ ಅಂಗಡಿಯಲ್ಲಿ ಬತ್ತಿ ಹಾಕಿಸಿದ ಟೈರೂ ಬೇಡ.

ರೇಡಿಯೇಟರ್ ಇರುವ ಗಾಡಿಯಾದರೆ ಕೂಲೆಂಟ್ ಪೂರ್ತಿ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿಸಲು ಹೇಳುವುದುಂಟು. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ನೆಲಕ್ಕೆ ಚೆಲ್ಲಿದರೆ ಎಣ್ಣೆಯ ಹಾಗೆ ಜಾರುತ್ತದೆ, ನೀರಿನ ಹಾಗೆ ಬೇಗ ಆರುವುದಿಲ್ಲ. ಹಿಂದೆ ಬರುವವರು ಬೀಳುತ್ತಾರೆ. ಹೆಡ್‌ಲೈಟ್, ಟೇಲ್ ಲ್ಯಾಂಪ್, ಇಂಡಿಕೇಟರ್‌ಗೆ ಟೇಪ್, ಒಡೆದರೆ ಚೂರು ಟ್ರ್ಯಾಕಿಗೆ ಬೀಳಬಾರದು. ಕನ್ನಡಿ, ನಂಬರ್ ಪ್ಲೇಟ್, ಸಾರಿ ಗಾರ್ಡ್ ಬಿಚ್ಚಬೇಕು. ಸೈಡ್ ಸ್ಟ್ಯಾಂಡ್ ತಂತಿಯಿಂದ ಬಿಗಿಯಬೇಕು.

ಇಷ್ಟೆಲ್ಲ ಮಾಡಿದರೂ ಜನ ಮರೆಯುವುದು ಬ್ರೇಕ್ ಆಯಿಲ್. ಪಿಟ್‌ನ ಒಂದು ನೋಟ ಇದು. ಬೆಳಿಗ್ಗೆ ಏಳೂವರೆ, ತಪಾಸಣೆಯ ಸಾಲು. ಹಳೆಯ ಟೋಪಿ ಹಾಕಿದ, ಐವತ್ತು ದಾಟಿದ ಒಬ್ಬರು ಪ್ರತಿ ಗಾಡಿಯ ಬ್ರೇಕ್ ಲಿವರ್ ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ಒತ್ತುತ್ತಿದ್ದರು. ಒಂದು ಗಾಡಿಯ ಹತ್ತಿರ ನಿಂತರು, ಮತ್ತೆ ಒತ್ತಿದರು.

"ಯಾವಾಗಪ್ಪ ಚೇಂಜ್ ಮಾಡ್ಸಿದ್ದು ಇದು?"

"ಸರ್ವಿಸ್ ಹೋದ್ ತಿಂಗ್ಳೇ ಆಯ್ತಲ್ಲ ಅಣ್ಣ."

"ಸರ್ವಿಸ್ ಕೇಳ್ಲಿಲ್ಲ ನಾನು. ಬ್ರೇಕ್ ಆಯಿಲ್ ಕೇಳ್ದೆ."

ಹ್ಯಾಂಡಲ್ ಮೇಲಿನ ಡಬ್ಬಿಯ ಗಾಜಿನ ಕಿಂಡಿಗೆ ಮೊಬೈಲ್ ಟಾರ್ಚ್ ಹಿಡಿದು ತೋರಿಸಿದರು. ಹೊಸದಾದರೆ ಹರಳೆಣ್ಣೆಯ ಹಾಗೆ ತಿಳಿ ಹಳದಿ ಇರಬೇಕಾದದ್ದು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಡಾಟ್-4 ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಅದರ ಕನಿಷ್ಠ ಮಟ್ಟ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಊರಿನ ಟ್ರಾಫಿಕ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಜೋರಾಗಿ ಬ್ರೇಕ್ ಹಿಡಿದಾಗ ಡಿಸ್ಕನ್ನು ಅದುಮುವ ಕ್ಯಾಲಿಪರ್ ಕಾದು, ಒಳಗೆ ಗುಳ್ಳೆ ಎದ್ದು, ಲಿವರ್ ಹ್ಯಾಂಡಲ್‌ಗೆ ಬಂದು ತಾಗುತ್ತದೆ. ಆ ಗಾಡಿಯ ಹುಡುಗನ ಮುಖ ಸಪ್ಪಗಾಯಿತು. ಅವರು ಬೈಯಲಿಲ್ಲ, ತಮ್ಮ ಪೆಟ್ಟಿಗೆಯಿಂದ ಸೀಲ್ ಒಡೆಯದ ಬಾಟಲಿ, ಪಾರದರ್ಶಕ ಪೈಪು, 8ರ ಸ್ಪ್ಯಾನರ್ ಕೊಟ್ಟು ಪಕ್ಕದಲ್ಲೇ ಕೂತರು. ಲಿವರ್ ಒತ್ತು, ಕ್ಯಾಲಿಪರ್ ಮೇಲಿನ ನಿಪ್ಪಲ್ ತೆರೆ, ಮುಚ್ಚು, ಆಮೇಲೆ ಲಿವರ್ ಬಿಡು. ಮೇಲಿನ ಡಬ್ಬಿ ಯಾವತ್ತೂ ಖಾಲಿಯಾಗದ ಹಾಗೆ ತುಂಬಿಸುತ್ತಾ ಇರು, ಇಲ್ಲದಿದ್ದರೆ ಗಾಳಿ ಎಳೆದುಕೊಳ್ಳುತ್ತೆ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕು, ಬಣ್ಣ ತಿಂದುಬಿಡುತ್ತೆ. ಪೈಪಿನಲ್ಲಿ ಕಂದು ಬಣ್ಣ ಹೋಗಿ ತಿಳಿ ಹಳದಿ ಬರಲು ಇಪ್ಪತ್ತು ನಿಮಿಷ ಸಾಕಾಯಿತು. ಅದೇ ಗಾಡಿ ಅದೇ ಲಿವರ್‌ನೊಂದಿಗೆ ಹಿಂದಿನ ಭಾನುವಾರ ಬೆಟ್ಟ ಇಳಿದು ಬಂದಿತ್ತು. ರಸ್ತೆಗೆ ಇಳಿಯುವ ಮುನ್ನ ಹೀಗೆ ಲಿವರ್ ಒತ್ತಿ ನೋಡುವವರು ನಮಗೆ ಯಾರಿದ್ದಾರೆ?

ಗಾಳಿಯ ವಿಷಯ. ಕಂಪನಿ ಮುಂದೆ 29, ಹಿಂದೆ 33 ಎಂದು ಹೇಳಿದ್ದರೆ ಟ್ರ್ಯಾಕಿಗೆ ಎರಡು ಮೂರು ಪಿಎಸ್‌ಐ ಇಳಿಸಿ ಶುರುಮಾಡುವುದು ವಾಡಿಕೆ. ಪಿಟ್‌ಗೆ ಬಂದ ಕೂಡಲೇ, ಹೆಲ್ಮೆಟ್ ತೆಗೆಯುವ ಮೊದಲೇ, ಬಿಸಿಯಲ್ಲಿ ಅಳೆಯಿರಿ. ನಾಲ್ಕೈದು ಏರಿದ್ದರೆ ಸರಿ. ಅದಕ್ಕಿಂತ ಬಹಳ ಏರಿದ್ದರೆ ಶುರುವಿನಲ್ಲಿ ತೀರಾ ಕಡಿಮೆ ಇತ್ತು, ಟೈರ್ ಹೆಚ್ಚು ಮಡಚಿಕೊಂಡು ಕಾದಿದೆ ಎಂದು ಅರ್ಥ. ಸ್ವಂತ ಗೇಜ್ ತನ್ನಿ. ಪೆಟ್ರೋಲ್ ಬಂಕಿನ ಗೇಜುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಮೈಗೆ ಒಂದೇ ತುಂಡಿನ ಚರ್ಮದ ಸೂಟ್, ಅಥವಾ ಸೊಂಟದ ಸುತ್ತ ಪೂರ್ತಿ ಜಿಪ್ ಸೇರುವ ಎರಡು ತುಂಡಿನದು. ಬೆನ್ನಿಗೆ ಪ್ರೊಟೆಕ್ಟರ್, ಮಣಿಕಟ್ಟು ಮುಚ್ಚುವ ಗ್ಲೌಸ್, ಪಾದದ ಗಂಟು ದಾಟಿದ ಬೂಟು, ಡಬಲ್-ಡಿ ಬಕಲ್‌ನ ಫುಲ್‌ಫೇಸ್ ಹೆಲ್ಮೆಟ್. ಸೂಟ್ ಬಾಡಿಗೆಗೂ ಸಿಗುತ್ತದೆ. ಸಡಿಲವಾದದ್ದು ಬೇಡ, ಬಿದ್ದಾಗ ಪ್ಯಾಡ್ ಪಕ್ಕಕ್ಕೆ ಸರಿದುಬಿಡುತ್ತದೆ.

ಎಲ್ಲಿ ತಪ್ಪುತ್ತದೆ

ಟ್ರ್ಯಾಕಿನಲ್ಲಿ ಬೀಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರ ಆಗಸ್ಟಿನಲ್ಲಿ ಇದೇ ಚೆನ್ನೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ರೇಸಿನ ವೇಳೆ ನಮ್ಮ ಬೆಂಗಳೂರಿನ 13 ವರ್ಷದ ಹುಡುಗ ತೀರಿಕೊಂಡ. ಅದು ರೇಸ್, ಟ್ರ್ಯಾಕ್ ಡೇ ಅಲ್ಲ, ನಿಜ. ಹಾಗಂತ ಆ ಸಾವನ್ನು ಪಕ್ಕಕ್ಕಿಟ್ಟು ಈ ವಿಷಯ ಬರೆಯಲು ಮನಸ್ಸು ಒಪ್ಪುವುದಿಲ್ಲ. ಸುರಕ್ಷಿತ ಎಂದು ನಾವು ಅನ್ನುವುದು ರಸ್ತೆಗೆ ಹೋಲಿಸಿ. ಇಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಜಾರಿ ನಿಲ್ಲಲು ಜಾಗ ಇರುತ್ತದೆ, ಬಾವುಟ ಹಿಡಿದ ಮಾರ್ಷಲ್‌ಗಳು, ಆಂಬುಲೆನ್ಸ್ ಇರುತ್ತಾರೆ. ಆಂಬುಲೆನ್ಸ್ ಇಲ್ಲದೆ, ಅಥವಾ ಅದು ಆಸ್ಪತ್ರೆಗೆ ಹೋಗಿ ವಾಪಸ್ ಬರುವ ಮೊದಲೇ, ಟ್ರ್ಯಾಕ್ ತೆರೆಯುವ ಆಯೋಜಕರಾದರೆ ದುಡ್ಡು ಹೋದರೂ ಚಿಂತೆಯಿಲ್ಲ, ಗಾಡಿ ಇಳಿಸಬೇಡಿ.

ಬೀಳುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಒಂದು, ಸರದಿಯ ಮೊದಲ ಸುತ್ತು, ಟೈರ್ ಇನ್ನೂ ತಣ್ಣಗಿರುವಾಗ. ಎರಡು ಸುತ್ತು ಸಮಾಧಾನವಾಗಿ ಹೋಗಿ. ಇನ್ನೊಂದು, ದಿನದ ಕೊನೆಯ ಸರದಿ. ಚೆನ್ನೈ ಬಿಸಿಲು, ಮೈಮೇಲೆ ಚರ್ಮ, ದೇಹದ ನೀರೆಲ್ಲ ಬೆವರಾಗಿ ಹೋಗಿರುತ್ತದೆ. ಪ್ರತಿ ಸರದಿಯ ನಂತರ ಅರ್ಧ ಲೀಟರ್ ನೀರು, ಎರಡಕ್ಕೊಮ್ಮೆ ಓಆರ್‌ಎಸ್. ಮಧ್ಯಾಹ್ನ ಬಿರಿಯಾನಿ ಬೇಡ, ಮೊಸರನ್ನ ಸಾಕು. ಬ್ರೇಕ್ ಗುರುತು ಎರಡು ಸಲ ತಪ್ಪಿಹೋಯಿತು ಅನ್ನಿಸಿದರೆ ಅವತ್ತಿಗೆ ಮುಗಿಸಿ.

ಹಳದಿ ಬಾವುಟ ಕಂಡರೆ ನಿಧಾನ, ಓವರ್‌ಟೇಕ್ ಇಲ್ಲ. ಹಳದಿ-ಕೆಂಪು ಪಟ್ಟೆ ಎಂದರೆ ಮುಂದೆ ಜಾರುತ್ತದೆ. ಕೆಂಪು ಎಂದರೆ ಎಲ್ಲರೂ ವೇಗ ಇಳಿಸಿ ಪಿಟ್‌ಗೆ. ಹಾಗಂತ ಪಟ್ಟನೆ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಅಂಚು ಬಿಟ್ಟು ಹುಲ್ಲಿಗೆ ಇಳಿದರೆ ಗಾಡಿ ನೆಟ್ಟಗೆ ಮಾಡಿ, ಮುಂದಿನ ಬ್ರೇಕ್ ಬಿಟ್ಟು, ಉರುಳಲು ಬಿಡಿ. ಕೂಡಲೇ ಟ್ರ್ಯಾಕಿಗೆ ಹತ್ತಲು ಹೋಗಿ ಬಿದ್ದವರೇ ಜಾಸ್ತಿ. ಬಿದ್ದರೆ ಗಾಡಿ ಕೈಬಿಡಿ, ಪೂರ್ತಿ ನಿಂತಿದ್ದೀರಿ ಎಂದು ಖಾತ್ರಿಯಾದ ಮೇಲೆಯೇ ಏಳಿ. ಜಾರುತ್ತಿರುವಾಗ ಮೈ ನಿಂತ ಹಾಗೆ ಅನ್ನಿಸುತ್ತದೆ.

ಇನ್ಶೂರೆನ್ಸ್ ಬಗ್ಗೆ ಮೊದಲೇ ತಿಳಿದಿರಲಿ: ನಮ್ಮ ಮಾಮೂಲಿ ಮೋಟಾರ್ ಪಾಲಿಸಿಗಳಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಫೇರಿಂಗ್ (ಗಾಡಿಯ ಪ್ಲಾಸ್ಟಿಕ್ ಹೊದಿಕೆ) ಒಡೆದರೆ ಅದು ನಿಮ್ಮ ಜೇಬಿಗೇ. ಆರೋಗ್ಯ ವಿಮೆಯವರನ್ನು ಬರಹದಲ್ಲೇ ಕೇಳಿಟ್ಟುಕೊಳ್ಳಿ.

ದುಬಾರಿ ಎಂದು ಹಿಂಜರಿಯುವವರಿಗೆ ಹತ್ತಿರದಲ್ಲೂ ದಾರಿ ಇದೆ. 2015ರಲ್ಲಿ ಮರುಭೂಮಿ ಓಟವಾದ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಕಡೆ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದ್ದಾರೆ. ಮಣ್ಣಿನಲ್ಲಿ 30ರ ವೇಗಕ್ಕೇ ಹಿಂದಿನ ಚಕ್ರ ಜಾರುತ್ತದೆ. ಜಾರಿದಾಗ ಕೈ ಬಿಗಿಹಿಡಿಯಬಾರದು ಎಂಬುದನ್ನು ಕಲಿಯಲು ಅದಕ್ಕಿಂತ ಅಗ್ಗದ ಪಾಠಶಾಲೆ ಕಾಣೆ. ಊರಲ್ಲೇ ಇರುವ ಖಾಲಿ ಮೈದಾನದಲ್ಲಿ, ಅನುಮತಿ ಪಡೆದು, 40ರಿಂದ ಸೊನ್ನೆಗೆ ಇಪ್ಪತ್ತು ಸಲ ಬ್ರೇಕ್ ಹಾಕಿ ಅಭ್ಯಾಸ ಮಾಡಿದರೂ ಸಾರ್ಥಕ. ಅಲ್ಲೂ ಇರುವುದು ಅದೇ ಗುಣ: ಅದೇ ಗೆರೆ, ಮತ್ತೆ ಮತ್ತೆ.

ವಾಪಸ್ ದಾರಿ

ಸಂಜೆ ಐದಕ್ಕೆ ಮುಗಿಸಿ, ಆರಕ್ಕೆ ಹೊರಟು, ರಾತ್ರಿ ಹನ್ನೆರಡಕ್ಕೆ ಮನೆ ಸೇರುವ ಯೋಜನೆ ಹಾಕಬೇಡಿ. ಇಡೀ ದಿನದ ಅಪಾಯಗಳಲ್ಲಿ ದೊಡ್ಡದು ಇದೇ. ದಿನವಿಡೀ ವೇಗಕ್ಕೆ ಹೊಂದಿಕೊಂಡ ಕಣ್ಣಿಗೆ ಹೈವೇಯ 80 ನಡೆದ ಹಾಗೆ ಅನ್ನಿಸುತ್ತದೆ. ಅತ್ತ ಕೈಕಾಲು ಸೋತಿರುತ್ತದೆ. ನಾಲ್ಕು ಜನ ಸೇರಿದರೆ ಗಾಡಿಗಳನ್ನು ಟೆಂಪೋದಲ್ಲಿ ಹಾಕಿ ತರುವ ಖರ್ಚು ಹಂಚಿಹೋಗುತ್ತದೆ. ಓಡಿಸಿಕೊಂಡೇ ಬರಬೇಕೆಂದರೆ ಶ್ರೀಪೆರಂಬದೂರಿನಲ್ಲೇ ಉಳಿದು ಬೆಳಿಗ್ಗೆ ಹೊರಡಿ.

ಹೊರಡುವ ಮುನ್ನ ಗಾಳಿ ಮತ್ತೆ ಕಂಪನಿ ಹೇಳಿದ ಲೆಕ್ಕಕ್ಕೆ ತುಂಬಿಸಿ, ಟೈರ್ ತಣ್ಣಗಿರುವಾಗ. ಟೇಪ್ ಬಿಚ್ಚಿ, ದೀಪಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿ. ನಂಬರ್ ಪ್ಲೇಟ್ ಕಟ್ಟಿ, ಸೈಡ್ ಸ್ಟ್ಯಾಂಡಿನ ತಂತಿ ಕತ್ತರಿಸಿ. ಅದನ್ನು ಮರೆತು ಮೊದಲ ಟೀ ಅಂಗಡಿಯಲ್ಲೇ ಗಾಡಿ ಕೆಡವಿಕೊಂಡವರಿದ್ದಾರೆ. ಊರಿಗೆ ಬಂದ ವಾರದಲ್ಲೇ ನೀರು ತೆಗೆದು ಕೂಲೆಂಟ್ ಹಾಕಿಸಿ, ಇಲ್ಲದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ. ಕನ್ನಡಿ ಎರಡೂ ಬಿಗಿಯಾಗಿ ಕೂಡಿಸಿ, ಸೀಟಿನ ಮೇಲೆ ಕೂತೇ ಸರಿಮಾಡಿಕೊಳ್ಳಿ. ಟ್ರ್ಯಾಕಿನಲ್ಲಿ ಇಡೀ ದಿನ ಹಿಂದೆ ನೋಡದೆ ಓಡಿಸಿರುತ್ತೀರಿ. ಹೈವೇಗೆ ಹತ್ತಿದ ಮೊದಲ ಕಿಲೋಮೀಟರಿನಲ್ಲೇ ಹಿಂದೆ ಒಂದು ಲಾರಿ ಇರುತ್ತದೆ.